ಸಾಫ್ಟ್‌ವೇರಿಗೂ ಒಂದು ಕಾಮಗಾರಿ ಬೋರ್ಡ್ ಹಾಕಿಸಿ

ಕರ್ನಾಟಕ ವಿಧಾನಮಂಡಲದ ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿಯ ಅಧ್ಯಕ್ಷರಿಗೆ, ಸದಸ್ಯರಿಗೆ, ಹಾಗೇ ಕಂಪ್ಯೂಟರ್ ಖರ್ಚಿನ ಕಡತಗಳಿಗೆ ಒಪ್ಪಿಗೆ ಕೊಡುವ ಹಣಕಾಸು ಇಲಾಖೆಯ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ತಿಪಟೂರು ಕಡೆಯವನು. ಹದಿನೇಳು ವರ್ಷದಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಅದರಲ್ಲಿ ಆರು ವರ್ಷ ಸರ್ಕಾರಿ ಇಲಾಖೆಗಳಿಗೆ ಸಾಫ್ಟ್‌ವೇರ್ ಮಾಡಿದ್ದೇನೆ. ಟೆಂಡರ್ ಗೆದ್ದ ದೊಡ್ಡ ಕಂಪನಿಯಲ್ಲಿ ಕೂತು ಮಾಡಿದ್ದಲ್ಲ, ಅವರ ಕೈಯಿಂದ ಉಪಗುತ್ತಿಗೆ ತಗೊಂಡ ಸಣ್ಣ ಕಂಪನಿಯಲ್ಲಿ. ಹಾಗಾಗಿ ಈ ಪತ್ರದಲ್ಲಿ ನಾನು ಹೇಳುವ ತಪ್ಪುಗಳಲ್ಲಿ ನನ್ನ ಪಾಲೂ ಇದೆ ಅಂತ ಮೊದಲೇ ಹೇಳಿಬಿಡುತ್ತೇನೆ.

ಬರೆಯೋಕೆ ಕಾರಣ ನಮ್ಮ ಚಿಕ್ಕಪ್ಪ. ಅವರು ಸಣ್ಣ ಕಂಟ್ರಾಕ್ಟರ್. ಮೋರಿ, ಚರಂಡಿ, ಹಳ್ಳಿ ಒಳಗಿನ ಸಿಮೆಂಟ್ ರಸ್ತೆ, ಇಷ್ಟೇ ಅವರ ಪ್ರಪಂಚ. ಹೋದ ಸಲ ಊರಿಗೆ ಹೋದಾಗ ಅವರ ಮಗಳಿಗೆ ಜಾತಿ-ಆದಾಯ ಪ್ರಮಾಣಪತ್ರ ಬೇಕಿತ್ತು. ಕಾಲೇಜಿಗೆ ಅರ್ಜಿ ಹಾಕುವ ಕೊನೇ ದಿನ ಹತ್ತಿರ ಬಂದಿತ್ತು. ಚಿಕ್ಕಪ್ಪನನ್ನು ಬೈಕಿನಲ್ಲಿ ಕೂರಿಸಿಕೊಂಡು ಮೂರು ದಿನ ಒಂದು ಸರ್ಕಾರಿ ಕೌಂಟರಿಗೆ ಅಲೆದೆ. ಮೂರೂ ದಿನ ಒಂದೇ ಮಾತು: ‘ಸರ್ವರ್ ಇಲ್ಲ.’ ಒಳಗೆ ಕೂತಿದ್ದ ಹುಡುಗಿಯದು ಏನೂ ತಪ್ಪಿಲ್ಲ, ಪಾಪ. ಅವಳೂ ಪರದೆ ಮೇಲೆ ಸುತ್ತುತ್ತಿದ್ದ ಚಕ್ರವನ್ನೇ ನೋಡುತ್ತಾ ಕೂತಿದ್ದಳು. ಹೊರಗೆ ನಲವತ್ತು ಜನ. ಕೂಲಿ ಬಿಟ್ಟು ಬಂದವರು, ಕಂಕುಳಲ್ಲಿ ಮಗು ಎತ್ತಿಕೊಂಡು ಬಂದವರು, ‘ಸಾಯಂಕಾಲ ಬರಬಹುದಾ’ ಅಂತ ಕೇಳುತ್ತಾ ಮರದ ಕೆಳಗೆ ಕೂತವರು.

ಮೂರನೇ ದಿನ ವಾಪಸ್ ಬರುವಾಗ ಚಿಕ್ಕಪ್ಪ ಹಳ್ಳದ ಹತ್ತಿರ ಬೈಕ್ ನಿಲ್ಲಿಸು ಅಂದರು. ಅಲ್ಲಿ ಅವರೇ ಕಟ್ಟಿದ ಒಂದು ಮೋರಿ ಇದೆ. ಪಕ್ಕದಲ್ಲಿ ಹಳದಿ ಬಣ್ಣದ ಬೋರ್ಡು. ಕಾಮಗಾರಿಯ ಹೆಸರು, ಯಾವ ಯೋಜನೆ, ಅಂದಾಜು ಮೊತ್ತ, ಗುತ್ತಿಗೆದಾರರ ಹೆಸರು, ಶುರುವಾದ ದಿನ, ಮುಗಿದ ದಿನ, ಎಷ್ಟು ವರ್ಷ ನಿರ್ವಹಣೆ ಅವರದೇ ಜವಾಬ್ದಾರಿ, ಎಲ್ಲಾ ಬರೆದಿದೆ. ಮಳೆಗೆ ಅರ್ಧ ಅಳಿಸಿದೆ, ಆದರೂ ಓದಬಹುದು. ‘ನಾನು ಕಟ್ಟಿದ್ದು ಎರಡು ಪೈಪಿನ ಮೋರಿ ಕಣೋ’ ಅಂದರು. ‘ಇದಕ್ಕೇ ಇಷ್ಟು ದೊಡ್ಡ ಬೋರ್ಡು ನೆಡಿಸಿದ್ರು. ಮೋರಿ ಕುಸಿದ್ರೆ ಊರಿನ ಹುಡುಗರೆಲ್ಲಾ ನನ್ನ ಮನೆ ಹತ್ರ ಬರ್ತಾರೆ. ನಿಮ್ಮ ಸರ್ವರಿನ ಬೋರ್ಡು ಎಲ್ಲೈತೆ?’

ನಾನು ನಕ್ಕೆ. ಆದರೆ ಉತ್ತರ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ 2000ನೇ ಇಸವಿಯಲ್ಲಿ ಶುರುವಾಯಿತಲ್ಲ, ಅದರ ಗುತ್ತಿಗೆಯಲ್ಲಿ ರಸ್ತೆ ಹಾಕಿದ ಮೇಲೆ ಐದು ವರ್ಷ ಅದನ್ನು ನೋಡಿಕೊಳ್ಳುವುದೂ ಕಂಟ್ರಾಕ್ಟರಿನ ಕೆಲಸವೇ. ಹಾಕುವ ಖರ್ಚು, ಕಾಪಾಡುವ ಖರ್ಚು ಎರಡೂ ಒಂದೇ ಕರಾರಿನಲ್ಲಿ ಇರುತ್ತೆ. ಚಿಕ್ಕಪ್ಪನ ಸಣ್ಣ ಕೆಲಸಕ್ಕೂ ಎಂ.ಬಿ., ಅಂದರೆ ಅಳತೆ ಪುಸ್ತಕ ಇದೆ. ಇಂಜಿನಿಯರ್ ಬಂದು ಟೇಪ್ ಹಿಡಿದು ಉದ್ದ, ಅಗಲ, ದಪ್ಪ ಅಳೆದು ಅದರಲ್ಲಿ ಬರೆಯದೆ ಬಿಲ್ ಮುಂದಕ್ಕೆ ಹೋಗುವುದಿಲ್ಲ. ದರಕ್ಕೆ ಎಸ್.ಆರ್. ಪಟ್ಟಿ ಇದೆ, ಒಂದು ಘನ ಮೀಟರ್ ಕಾಂಕ್ರೀಟಿಗೆ ಎಷ್ಟು ಅಂತ ರಾಜ್ಯದಲ್ಲಿ ಯಾರು ಬೇಕಾದರೂ ನೋಡಬಹುದು. ಇದರಲ್ಲೆಲ್ಲಾ ಕಳ್ಳಾಟ ನಡೆಯೋದಿಲ್ಲ ಅಂತ ನಾನು ಹೇಳುತ್ತಿಲ್ಲ, ನಡೆಯುತ್ತೆ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಕಳ್ಳಾಟ ಆದಾಗ ಹಿಡಿಯೋಕೆ ಒಂದು ಪುಸ್ತಕವಾದರೂ ಇದೆ ಅಲ್ವಾ? ಇನ್ನೊಂದು ತಮಾಷೆ ಏನಂದರೆ, ಹಳ್ಳಿ ಕಾಮಗಾರಿ ಎಲ್ಲಿಗೆ ಬಂತು, ಬಿಲ್ ಎಷ್ಟಾಯಿತು ಅಂತ ನೋಡೋಕೆ ನಮ್ಮ ಗ್ರಾಮೀಣಾಭಿವೃದ್ಧಿ ಇಲಾಖೆ ‘ಗಾಂಧಿ ಸಾಕ್ಷಿ ಕಾಯಕ’ ಅಂತ ಒಂದು ಸಾಫ್ಟ್‌ವೇರನ್ನೇ ಮಾಡಿಸಿದೆ. ಮೋರಿ ಕಾಯೋಕೆ ಸಾಫ್ಟ್‌ವೇರ್ ಇದೆ. ಸಾಫ್ಟ್‌ವೇರ್ ಕಾಯೋಕೆ ಏನೂ ಇಲ್ಲ.

ಈಗ ನನ್ನ ಕಥೆ. ಇಲಾಖೆಯ ಹೆಸರು ಬೇಡ, ಕಂಪನಿಯ ಹೆಸರೂ ಬೇಡ.

ಒಂದು ಇಲಾಖೆಗೆ ಅರ್ಜಿ ಸ್ವೀಕರಿಸಿ ಹಣ ಮಂಜೂರು ಮಾಡುವ ಸಾಫ್ಟ್‌ವೇರ್ ಬೇಕಿತ್ತು. ಆರ್‌ಎಫ್‌ಪಿ (ಏನು ಬೇಕು ಅಂತ ವಿವರಿಸಿ ಕಂಪನಿಗಳನ್ನು ಕರೆಯುವ ದಾಖಲೆ) ನೂರ ಎಂಬತ್ತು ಪುಟ. ಅದರಲ್ಲಿ ಸರ್ವರಿಗೆ ಎಷ್ಟು ಮೆಮೊರಿ ಇರಬೇಕು, ಯುಪಿಎಸ್ ಬ್ಯಾಟರಿ ಯಾವ ತರದ್ದು ಅನ್ನೋದೆಲ್ಲಾ ಪುಟಗಟ್ಟಲೆ ಇತ್ತು. ಕೌಂಟರಿನಲ್ಲಿ ಕೂರುವ ಗುಮಾಸ್ತರು ದಿನಕ್ಕೆ ಎಷ್ಟು ಅರ್ಜಿ ನೋಡುತ್ತಾರೆ, ಯಾವ ಹಂತದಲ್ಲಿ ಕಡತ ನಿಲ್ಲುತ್ತೆ ಅನ್ನೋದು ಅರ್ಧ ಪುಟ. ದೊಡ್ಡ ಕಂಪನಿ ಟೆಂಡರ್ ಗೆದ್ದಿತು. ಕೆಲಸ ಮಾಡಿದ್ದು ನಾವು ನಾಲ್ಕು ಜನ. ಅದರಲ್ಲಿ ಇಬ್ಬರು ಆಗ ತಾನೇ ಕಾಲೇಜು ಮುಗಿಸಿ ಬಂದವರು. ಟೆಂಡರ್ ದಾಖಲೆಯಲ್ಲಿ ‘ಹತ್ತು ವರ್ಷ ಅನುಭವದ ತಜ್ಞರು’ ಅಂತ ಎಂಟು ಜನರ ಬಯೋಡೇಟಾ ಲಗತ್ತಿಸಿದ್ದರು, ಅವರನ್ನು ನಾನು ಒಂದು ದಿನವೂ ನೋಡಲಿಲ್ಲ.

ಫೆಬ್ರವರಿಗೆ ಬಂದಾಗ ಇಲಾಖೆಯಿಂದ ಫೋನು ಜಾಸ್ತಿಯಾಯಿತು. ಮಾರ್ಚ್ 31ರ ಒಳಗೆ ಬಿಲ್ ಆಗದಿದ್ದರೆ ಅನುದಾನ ಲ್ಯಾಪ್ಸ್. ಯುಎಟಿ ಅಂತ ಒಂದಿದೆ, ಸಾಫ್ಟ್‌ವೇರನ್ನು ಅದನ್ನು ಬಳಸುವವರೇ ಕೂತು ಪರೀಕ್ಷೆ ಮಾಡಿ ‘ಸರಿ ಇದೆ’ ಅಂತ ಸಹಿ ಹಾಕುವ ಹಂತ. ತಿಂಗಳುಗಟ್ಟಲೆ ನಡೆಯಬೇಕಾದ್ದು. ನಮ್ಮದು ಮಾರ್ಚ್ 29ರ ಮಧ್ಯಾಹ್ನ ಊಟದ ಮೇಲೆ ಶುರುವಾಗಿ ಸಾಯಂಕಾಲದ ಟೀ ಹೊತ್ತಿಗೆ ಮುಗಿಯಿತು. ಪರೀಕ್ಷೆ ಮಾಡಿದ ಗುಮಾಸ್ತರೊಬ್ಬರು ಅರ್ಜಿದಾರರ ತಂದೆ ಹೆಸರಿನ ಜಾಗದಲ್ಲಿ ಕನ್ನಡ ಮೂಡುತ್ತಿಲ್ಲ ಅಂದರು. ‘ಗೋ-ಲೈವ್ ಆದ ಮೇಲೆ ಸರಿಮಾಡ್ತೀವಿ ಮೇಡಂ’ ಅಂದವನು ನಾನೇ. ಅವರು ಸಹಿ ಹಾಕಿದರು. ಬಿಲ್ ಪಾಸಾಯಿತು. ಮೇ ತಿಂಗಳಲ್ಲಿ ದೀಪ ಬೆಳಗಿ ಲೋಕಾರ್ಪಣೆ ಆಯಿತು, ನಮಗೆಲ್ಲಾ ಒಂದೊಂದು ಮೈಸೂರು ಪೇಟ, ಒಂದೊಂದು ಬುಟ್ಟಿ ಹಣ್ಣು.

ಸೋರ್ಸ್ ಕೋಡ್ ಅಂದರೆ ಸಾಫ್ಟ್‌ವೇರಿನ ಮೂಲ ಬರಹ, ಅದು ಕರಾರಿನ ಪ್ರಕಾರ ಇಲಾಖೆಯ ಆಸ್ತಿ. ಅದನ್ನು ಡಿವಿಡಿಗೆ ಹಾಕಿ, ಕವರಿಗೆ ಅರಗಿನ ಮುದ್ರೆ ಒತ್ತಿ ಕೊಟ್ಟೆವು. ‘ಸ್ವೀಕರಿಸಲಾಗಿದೆ’ ಅಂತ ಸೀಲು ಬಿತ್ತು. ಒಬ್ಬ ಅಧಿಕಾರಿ ಅದನ್ನು ಗೋದ್ರೇಜ್ ಬೀರುವಿನಲ್ಲಿಟ್ಟು ಬೀಗ ಹಾಕಿದ್ದನ್ನು ನಾನೇ ನೋಡಿದೆ. ಮೂರು ವರ್ಷ ಆದ ಮೇಲೆ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆ ಕರಾರು ಮುಗಿಯಿತು, ಮುಂದುವರಿಸೋಕೆ ಬಜೆಟ್ಟಿನಲ್ಲಿ ದುಡ್ಡಿರಲಿಲ್ಲ. ಅಷ್ಟರಲ್ಲಿ ನಿಯಮ ಬದಲಾಗಿ ಅರ್ಜಿಯಲ್ಲಿ ಎರಡು ಕಾಲಂ ಹೆಚ್ಚಾಗಿತ್ತು. ಬೇರೆ ಕಂಪನಿಯವರು ಬಂದು ಕೋಡ್ ಕೊಡಿ ಅಂದರು. ಅದನ್ನು ಬೀರುವಿನಲ್ಲಿಟ್ಟಿದ್ದ ಅಧಿಕಾರಿಗೆ ವರ್ಗ ಆಗಿತ್ತು, ಬೀಗದ ಕೈ ಸಿಗಲಿಲ್ಲ. ಕೊನೆಗೆ ಬೀಗ ಒಡೆದು ಡಿವಿಡಿ ತೆಗೆದರೆ, ಅದನ್ನು ಹಾಕೋಕೆ ಇಡೀ ಕಚೇರಿಯಲ್ಲಿ ಡಿವಿಡಿ ಡ್ರೈವ್ ಇರುವ ಒಂದು ಕಂಪ್ಯೂಟರ್ ಇಲ್ಲ. ಇದನ್ನು ನನಗೆ ಹೇಳಿದ್ದು ಆ ಹೊಸ ಕಂಪನಿಯಲ್ಲಿದ್ದ ನನ್ನ ಗೆಳೆಯ. ಮುಂದೆ ಏನಾಯಿತು ಗೊತ್ತಾ? ಹೊಸ ಆರ್‌ಎಫ್‌ಪಿ, ಹೊಸ ಟೆಂಡರ್, ಮತ್ತೆ ಮೊದಲಿನಿಂದ. ಅದಕ್ಕೂ ದೀಪ ಬೆಳಗಿದರು ಅಂತ ಕಾಣುತ್ತೆ.

ತಂದೆ ಹೆಸರಿನ ಕಾಲಂ ನಾನು ಸರಿಮಾಡಲೇ ಇಲ್ಲ. ಬಿಲ್ ಆದ ಮೇಲೆ ನಮ್ಮ ಕಂಪನಿಯವರು ನನ್ನನ್ನು ಬೇರೆ ಕೆಲಸಕ್ಕೆ ಹಾಕಿದರು. ಈಗಲೂ ಆ ಮೇಡಂ ನೆನಪಾಗುತ್ತಾರೆ.

ಮದುವೆ ಊಟಕ್ಕೆ ಸಾಲ ಮಾಡಿ, ಮಾರನೇ ದಿನದ ಅಕ್ಕಿಗೆ ದುಡ್ಡಿಡದ ಮನೆ ತರ ಇದು. ಸಾಫ್ಟ್‌ವೇರ್ ಅನ್ನೋದು ಒಂದು ಸಲ ಕೊಂಡುಕೊಂಡು ಇಟ್ಟುಕೊಳ್ಳುವ ಮೇಜು ಕುರ್ಚಿ ಅಲ್ಲ. ನಿಯಮ ಬದಲಾದಾಗೆಲ್ಲಾ ಅದು ಬದಲಾಗಬೇಕು, ಬಳಸುವವರು ಹೆಚ್ಚಾದ ಹಾಗೆ ಸರ್ವರ್ ಹೆಚ್ಚಬೇಕು, ಹೊಸ ಹೊಸ ಕಳ್ಳದಾರಿಗಳು ಗೊತ್ತಾದ ಹಾಗೆ ಅವನ್ನು ಮುಚ್ಚುತ್ತಲೇ ಇರಬೇಕು. ಮಾಡಿಸುವ ಖರ್ಚಿಗಿಂತ ಸಾಕುವ ಖರ್ಚೇ ಜಾಸ್ತಿ ಆಗೋದು ಈ ಕಸುಬಿನಲ್ಲಿ ಇರುವವರಿಗೆಲ್ಲಾ ಗೊತ್ತಿರುವ ವಿಷಯ. ನಮ್ಮ ಕಡತಗಳಲ್ಲಿ ಮಾತ್ರ ಸಾಕುವ ಖರ್ಚು ಪ್ರತಿ ವರ್ಷ ಹೊಸದಾಗಿ ಬೇಡಿಕೊಳ್ಳಬೇಕಾದ ಭಿಕ್ಷೆ.

ಸರಿ, ಒಟ್ಟು ಎಷ್ಟು ಖರ್ಚಾಗುತ್ತಿದೆ? 2025-26ರ ರಾಜ್ಯ ಬಜೆಟ್ 4 ಲಕ್ಷ 9 ಸಾವಿರ ಕೋಟಿ ರೂಪಾಯಿ ದಾಟಿದೆ. ಅದರಲ್ಲಿ ಕಂಪ್ಯೂಟರ್, ಸಾಫ್ಟ್‌ವೇರ್, ಸರ್ವರ್, ನೆಟ್‌ವರ್ಕ್, ಡೇಟಾ ಎಂಟ್ರಿ, ಸಲಹಾ ಕಂಪನಿಗಳ ಪಿಎಂಯು (ಯೋಜನೆ ನೋಡಿಕೊಳ್ಳುವ ತಂಡ) ಇವಕ್ಕೆಲ್ಲಾ ಸೇರಿ ಎಷ್ಟು ಅಂತ ಒಂದು ಪುಟದಲ್ಲಿ ತೋರಿಸಿ ನೋಡೋಣ. ನಾನು ಬಜೆಟ್ ಪುಸ್ತಕಗಳನ್ನು ತೆರೆದು ಎರಡು ಭಾನುವಾರ ಕೂತೆ. ಇ-ಆಡಳಿತದ ಹೆಸರಿನಲ್ಲಿ ಇರೋದು ಸಿಗುತ್ತೆ. ಉಳಿದದ್ದು ಒಂದು ಇಲಾಖೆಯಲ್ಲಿ ಆಧುನೀಕರಣ, ಇನ್ನೊಂದರಲ್ಲಿ ಯೋಜನೆಯ ಆಡಳಿತ ವೆಚ್ಚ, ಮತ್ತೊಂದರಲ್ಲಿ ಸುಮ್ನೆ ಕಚೇರಿ ವೆಚ್ಚ ಅಂತ ಚೆಲ್ಲಾಪಿಲ್ಲಿ ಆಗಿರುತ್ತೆ. ನಿಗಮ ಮಂಡಳಿಗಳ ಮೂಲಕ ಆಗುವ ಖರೀದಿ ಅದರ ಹೊರಗೆ. ಇಷ್ಟು ದೊಡ್ಡ ಖರ್ಚನ್ನು ಯಾರಾದರೂ ‘ಯೋಜಿಸುತ್ತಿದ್ದಾರೆ’ ಅಂದರೆ ಹೇಗೆ ನಂಬೋದು?

ಹಾಗಂತ ನಮಗೆ ಇದು ಬರೋದೇ ಇಲ್ಲ ಅಂತ ಅಲ್ಲ. ಬರುತ್ತೆ. ಒಂದು ಕಾಲದಲ್ಲಿ ದೇಶಕ್ಕೇ ಹೇಳಿಕೊಟ್ಟಿದ್ದೇವೆ.

ಭೂಮಿ ಯೋಜನೆ ನೆನಪಿಸಿಕೊಳ್ಳಿ. 2001ರ ಆಸುಪಾಸಿನಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಅದಕ್ಕೆ ಮುಂಚೆ ಸುಮಾರು 9000 ಗ್ರಾಮ ಲೆಕ್ಕಿಗರ ಕೈಯಲ್ಲಿ, ಅವರ ಚೀಲದಲ್ಲಿ, ಅವರ ಅಕ್ಷರದಲ್ಲಿ ರಾಜ್ಯದ ಜಮೀನೆಲ್ಲಾ ಇತ್ತು. ನಮ್ಮ ತಾತ ಒಂದು ಪಹಣಿಗೆ ಲೆಕ್ಕಿಗರ ಮನೆ ಬಾಗಿಲಿಗೆ ತೆಂಗಿನಕಾಯಿ ಹೊತ್ತುಕೊಂಡು ಹೋಗುತ್ತಿದ್ದದ್ದು ನನಗೇ ನೆನಪಿದೆ. ಭೂಮಿ ಬಂದ ಮೇಲೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ. ಆ 15 ರೂಪಾಯಿಯೇ ಮುಂದೆ ಕಿಟಕಿ ನಡೆಸುವ ಖರ್ಚಿಗೂ ಆಯಿತು. ಗಮನಿಸಿ, ಮಾರನೇ ದಿನದ ಅಕ್ಕಿಯನ್ನು ಅವರು ಮೊದಲೇ ಯೋಚಿಸಿದ್ದರು.

ಎಲ್ಲರೂ ಭೂಮಿಯ ಕಂಪ್ಯೂಟರನ್ನು ಹೊಗಳುತ್ತಾರೆ. ನನಗೆ ಅದರಲ್ಲಿ ಇಷ್ಟವಾಗುವುದು ಕಂಪ್ಯೂಟರ್ ಅಲ್ಲದ ಸಂಗತಿಗಳು. ಒಂದು ತಾಲ್ಲೂಕಿನಲ್ಲಿ ಗಣಕೀಕೃತ ಪಹಣಿ ಶುರುವಾದ ಮೇಲೆ ಕೈಬರಹದ ಪಹಣಿ ನಡೆಯೋದಿಲ್ಲ ಅಂತ ಸರ್ಕಾರ ಖಡಾಖಂಡಿತವಾಗಿ ಹೇಳಿತು. ಎರಡು ದೋಣಿಯ ಮೇಲೆ ಕಾಲಿಡಲಿಲ್ಲ. ಖಾತೆ ಬದಲಾವಣೆಗೆ ಮೊದಲು ಬಂದ ಅರ್ಜಿ ಮೊದಲು ಅಂತ ಸಾಫ್ಟ್‌ವೇರೇ ಸಾಲು ಕಟ್ಟಿತು, ಬೇಕಾದವರ ಕಡತವನ್ನು ಮೇಲಕ್ಕೆ ಎತ್ತುವ ಹಾಗಿರಲಿಲ್ಲ. ಅಧಿಕಾರಿ ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕಿತ್ತು, ಹಾಗಾಗಿ ಆಮೇಲೆ ‘ನಾನು ಮಾಡಿಲ್ಲ, ಆಪರೇಟರ್ ಮಾಡಿದ’ ಅನ್ನೋ ಹಾಗಿಲ್ಲ. ಡೇಟಾ ಎಂಟ್ರಿ ಖಾಸಗಿ ಏಜೆನ್ಸಿಗಳು ಮಾಡಿದರೂ ಗ್ರಾಮ ಲೆಕ್ಕಿಗರು ಅದನ್ನು ಕೂತು ತಾಳೆ ನೋಡಬೇಕಿತ್ತು. ಸಾಫ್ಟ್‌ವೇರ್ ಬರೆದವರು ಎನ್‌ಐಸಿಯವರು, ಅಂದರೆ ಸರ್ಕಾರದ್ದೇ ಸಂಸ್ಥೆಯ ಇಂಜಿನಿಯರ್‌ಗಳು. ಟೆಂಡರ್ ಮುಗಿಯಿತು ಅಂತ ಅವರು ಗಂಟುಮೂಟೆ ಕಟ್ಟಿಕೊಂಡು ಹೋಗಲಿಲ್ಲ. ರಾಜೀವ್ ಚಾವ್ಲಾ ಅವರಂಥ ಒಬ್ಬ ಅಧಿಕಾರಿ ವರ್ಷಗಟ್ಟಲೆ ಅದರ ಹಿಂದೆಯೇ ಇದ್ದರು. ಈಗ ಒಂದು ಇ-ಆಡಳಿತ ಯೋಜನೆ ಶುರುವಾಗಿ ಮುಗಿಯುವಷ್ಟರಲ್ಲಿ ಎಷ್ಟು ಜನ ಅಧಿಕಾರಿಗಳು ಬದಲಾಗುತ್ತಾರೆ ಅಂತ ನೀವೇ ಎಣಿಸಿ.

ಭೂಮಿಯಲ್ಲೂ ತಪ್ಪುಗಳಿವೆ. ಹಳೇ ಪಹಣಿಯಲ್ಲಿದ್ದ ತಪ್ಪುಗಳು ಹಾಗೇ ಒಳಗೆ ಹೋದವು. ‘ಶಿವಣ್ಣ ಬಿನ್ ಚಿಕ್ಕಣ್ಣ’ ಪಹಣಿಯಲ್ಲಿ ಒಂದು ತರ, ಆಧಾರಿನಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿ ಇನ್ನೊಂದು ತರ, ಬ್ಯಾಂಕಿನಲ್ಲಿ ಮತ್ತೊಂದು ತರ. ಇದರಿಂದ ಸಹಾಯಧನ ನಿಂತ ರೈತರು ನಮ್ಮೂರಲ್ಲೇ ಇದ್ದಾರೆ. ಇದರ ಜೊತೆಗೆ ಹಳೇ ಕನ್ನಡ ಫಾಂಟ್‌ಗಳ ಕಾಟ. ಯುನಿಕೋಡ್ ಬರುವ ಮುಂಚೆ ಒಂದೊಂದು ಕಚೇರಿಯವರು ಒಂದೊಂದು ತರದ ಕನ್ನಡದಲ್ಲಿ ತುಂಬಿದ ಮಾಹಿತಿ ಇದೆಯಲ್ಲ, ಅದನ್ನು ಹೊಸ ಸಾಫ್ಟ್‌ವೇರಿಗೆ ತಂದರೆ ಚಿತ್ರವಿಚಿತ್ರ ಅಕ್ಷರ ಬರುತ್ತೆ. ಅದನ್ನು ತಿರುಗಿಸುವ, ಒಂದೊಂದೇ ಹೆಸರು ನೋಡಿ ತಿದ್ದುವ ಕೆಲಸಕ್ಕೆ ಯಾವ ಅಂದಾಜು ಪಟ್ಟಿಯಲ್ಲೂ ದುಡ್ಡಿಟ್ಟಿದ್ದನ್ನು ನಾನು ನೋಡಿಲ್ಲ. ಕೊನೆಗೆ ಅದು ಬೀಳೋದು ಗುಮಾಸ್ತರ ತಲೆಗೆ, ಇಲ್ಲದಿದ್ದರೆ ಶಿವಣ್ಣನ ತಲೆಗೆ.

ಭದ್ರತೆಯ ವಿಷಯಕ್ಕೆ ಬರುತ್ತೇನೆ. 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆಗೆ ನುಗ್ಗಿ ಕಂಟ್ರಾಕ್ಟರ್‌ಗಳು ಟೆಂಡರ್ ಹಾಕುವಾಗ ಕಟ್ಟಿದ ಇಎಂಡಿ ಠೇವಣಿ ಹಣದಲ್ಲಿ 11.5 ಕೋಟಿ ರೂಪಾಯಿ ಎತ್ತಿದರು. ಸಿಐಡಿ ತನಿಖೆ ಆಯಿತು, ವಿಧಾನಸೌಧದಲ್ಲಿ ಗದ್ದಲ ಆಯಿತು, ನಿಮಗೆಲ್ಲಾ ಗೊತ್ತು. ಆ ಸುದ್ದಿ ಪೇಪರಿನಲ್ಲಿ ಓದಿ ಚಿಕ್ಕಪ್ಪ ನನಗೆ ಫೋನ್ ಮಾಡಿದ್ದರು. ‘ನನ್ನ ಇಎಂಡಿ ಇದೆಯೇನೋ, ನೋಡಿ ಹೇಳೋ’ ಅಂತ, ನಾನೇನೋ ಆ ಸರ್ವರಿನ ಮನೆಯಲ್ಲೇ ಇದ್ದೀನಿ ಅನ್ನೋ ಹಾಗೆ. ಟೆಂಡರುಗಳೆಲ್ಲಾ ಪಾರದರ್ಶಕವಾಗಿ ಇರಲಿ ಅಂತ ಮಾಡಿದ ವ್ಯವಸ್ಥೆಯಲ್ಲೇ ಹೀಗಾಯಿತು. ಆಮೇಲೆ 2025ರ ಶುರುವಿನಲ್ಲಿ ಆಸ್ತಿ ನೋಂದಣಿಯ ಸಾಫ್ಟ್‌ವೇರ್ ಕಾವೇರಿ 2.0 ಕೈಕೊಟ್ಟಿತು. ಸಬ್‌ರಿಜಿಸ್ಟ್ರಾರ್ ಕಚೇರಿಗಳ ಮುಂದೆ ಜನ ಕಾದು ಕಾದು ವಾಪಸ್ ಹೋದರು. ಹೊರಗಿನಿಂದ ಬೇಕಂತಲೇ ಸುಳ್ಳು ಕೋರಿಕೆಗಳ ಮಳೆ ಸುರಿಸಿ ಸರ್ವರನ್ನು ಉಸಿರುಗಟ್ಟಿಸಿದ ದಾಳಿ ಅದು ಅಂತ ಸರ್ಕಾರವೇ ಹೇಳಿತು, ಪೊಲೀಸರಿಗೆ ದೂರೂ ಹೋಯಿತು. ದಾಳಿ ಮಾಡಿದವರನ್ನು ಹಿಡಿಯಲಿ, ಬೇಡ ಅನ್ನುವವರು ಯಾರು? ಆದರೆ ಇಡೀ ರಾಜ್ಯದ ಆಸ್ತಿ ನೋಂದಣಿ ಒಂದೇ ಬಾಗಿಲಿನಿಂದ ನಡೆಯಬೇಕು ಅಂತ ನಿರ್ಧಾರ ಮಾಡಿದ ದಿನವೇ ಆ ಬಾಗಿಲಿಗೆ ಕಾವಲಿನ ಖರ್ಚು ಎಷ್ಟು, ಅದು ಯಾವ ತಲೆಬರಹದ ಕೆಳಗೆ ಬರುತ್ತೆ, ಐದು ವರ್ಷ ಅದನ್ನು ಯಾರು ಕೊಡುತ್ತಾರೆ ಅಂತ ಒಂದು ಪುಟ ಬರೆದಿಟ್ಟಿದ್ದರೆ ಅದನ್ನು ಓದೋಕೆ ನನಗೆ ತುಂಬಾ ಇಷ್ಟ.

ಸರ್ಕಾರಿ ಸೇವೆ ಗೊತ್ತಾದ ಗಡುವಿನೊಳಗೆ ಸಿಗಬೇಕು ಅನ್ನುವ ಸಕಾಲ ಕಾಯ್ದೆ 2011ರದ್ದು. ಕೆಲಸ ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಅರ್ಜಿದಾರರಿಗೆ ಪರಿಹಾರ, ಅದು ತಡ ಮಾಡಿದ ನೌಕರರಿಂದ ವಸೂಲಿ. ಒಳ್ಳೇ ಕಾನೂನು. ಮೂರು ದಿನ ಸರ್ವರ್ ಇರಲಿಲ್ಲ, ನಲವತ್ತು ಜನ ವಾಪಸ್ ಹೋದರು ಅಂದರೆ ಆ 20 ರೂಪಾಯಿ ಯಾರಿಂದ ವಸೂಲಿ? ಚಕ್ರ ನೋಡುತ್ತಾ ಕೂತಿದ್ದ ಆ ಹುಡುಗಿಯಿಂದಲಾ?

ಬೇರೆ ಕಡೆ ಏನು ಮಾಡುತ್ತಾರೆ ಅಂತ ಸ್ವಲ್ಪ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅಮೆರಿಕದ ಕೇಂದ್ರ ಸರ್ಕಾರ 2009ರಲ್ಲಿ ಐಟಿ ಡ್ಯಾಶ್‌ಬೋರ್ಡ್ ಅಂತ ಒಂದು ತಾಣ ತೆರೆಯಿತು. ಯಾವ ಇಲಾಖೆ ಯಾವ ಸಾಫ್ಟ್‌ವೇರಿಗೆ ಎಷ್ಟು ಹಾಕಿದೆ, ಹೇಳಿದ ಸಮಯಕ್ಕೆ ನಡೆಯುತ್ತಿದೆಯಾ, ಖರ್ಚು ಮಿತಿ ಮೀರಿದೆಯಾ ಅನ್ನೋದನ್ನು ಹಸಿರು, ಹಳದಿ, ಕೆಂಪು ಬಣ್ಣದಲ್ಲಿ ಜನರ ಮುಂದೆ ಇಟ್ಟರು. ಪಕ್ಕದಲ್ಲಿ ಜವಾಬ್ದಾರಿ ಹೊತ್ತ ಅಧಿಕಾರಿಯ ಫೋಟೋ! ಇದನ್ನು ಮಾಡಿಸಿದವರು ಆಗ ಆ ಸರ್ಕಾರದ ಐಟಿ ಮುಖ್ಯಸ್ಥರಾಗಿದ್ದ, ದೆಹಲಿಯಲ್ಲಿ ಹುಟ್ಟಿದ ವಿವೇಕ್ ಕುಂದ್ರಾ. ಫೋಟೋ ಬೇಕಾ ಬೇಡವಾ ನೀವು ತೀರ್ಮಾನಿಸಿ. ನನ್ನ ಕೇಳಿದರೆ ಬೇಕು, ಉದ್ಘಾಟನೆಯ ಬ್ಯಾನರಿನಲ್ಲಿ ಹೇಗಿದ್ದರೂ ಹಾಕಿಸಿಕೊಳ್ಳುತ್ತೇವೆ.

ಕ್ಯಾಲಿಫೋರ್ನಿಯಾ ರಾಜ್ಯದ ಕಥೆ ಇನ್ನೂ ಚೆನ್ನಾಗಿದೆ. ಅಲ್ಲಿ ಸುಮಾರು 2 ಲಕ್ಷ 40 ಸಾವಿರ ಸರ್ಕಾರಿ ನೌಕರರ ಸಂಬಳಕ್ಕೆ ಹೊಸ ಸಾಫ್ಟ್‌ವೇರ್ ಮಾಡಿಸೋಕೆ ಹೋಗಿ ಸುಮಾರು 25 ಕೋಟಿ ಡಾಲರ್ ಖರ್ಚಾಗಿತ್ತು. ಮೊದಲು ಒಂದು ಸಾವಿರ ಚಿಲ್ಲರೆ ನೌಕರರ ಮೇಲೆ ಮಾತ್ರ ಪ್ರಯೋಗ ಮಾಡಿದರು. ಸಂಬಳದಲ್ಲಿ ತಪ್ಪೋ ತಪ್ಪು. 2013ರ ಫೆಬ್ರವರಿಯಲ್ಲಿ ಗುತ್ತಿಗೆಯನ್ನೇ ರದ್ದು ಮಾಡಿದರು. ಅಷ್ಟು ದುಡ್ಡು ಹೋಗಿದ್ದು ನಾಚಿಕೆಗೇಡೇ, ನಿಜ. ಆದರೆ ಉಳಿದ ಲಕ್ಷಾಂತರ ನೌಕರರ ಸಂಬಳ ಉಳಿಯಿತು. ಮೂರು ವರ್ಷ ಆದ ಮೇಲೆ, 2016ರಲ್ಲಿ, ಕೆನಡಾ ಸರ್ಕಾರ ‘ಫೀನಿಕ್ಸ್’ ಅನ್ನೋ ಸಂಬಳದ ಸಾಫ್ಟ್‌ವೇರನ್ನು ಸಿದ್ಧವಾಗದಿದ್ದರೂ ಶುರು ಮಾಡಿಯೇಬಿಟ್ಟಿತು. ಕೆಲವರಿಗೆ ಕಡಿಮೆ ಸಂಬಳ, ಕೆಲವರಿಗೆ ಜಾಸ್ತಿ, ಕೆಲವರಿಗೆ ಸಂಬಳವೇ ಇಲ್ಲ, ವರ್ಷಗಟ್ಟಲೆ ಆ ಗೋಳು ಮುಗಿಯಲಿಲ್ಲ. ನನ್ನ ಮಾರ್ಚ್ 29ರ ಯುಎಟಿ ಯಾವ ಜಾತಿಗೆ ಸೇರಿದ್ದು ಅಂತ ನಿಮಗೆ ಗೊತ್ತಾಗಿರಬೇಕು. ಕ್ಯಾಲಿಫೋರ್ನಿಯಾದಲ್ಲಿ ಈಗ ದೊಡ್ಡ ಯೋಜನೆಗಳನ್ನು ಹಂತ ಹಂತವಾಗಿ ಒಪ್ಪುತ್ತಾರೆ, ಜೊತೆಗೆ ಯೋಜನೆ ನಡೆಯುತ್ತಿರುವಾಗಲೇ ಹೊರಗಿನ ಕಣ್ಣಿನ ಮೇಲ್ವಿಚಾರಣಾ ವರದಿಗಳನ್ನು ತಾಣದಲ್ಲಿ ಹಾಕುತ್ತಾರೆ. ನಡೆಯುತ್ತಿರುವಾಗಲೇ, ಅದು ಮುಖ್ಯ.

ಯಾಕೆಂದರೆ ನಿಮ್ಮ ಸಮಿತಿಯ ಮುಂದೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಬರುವ ಹೊತ್ತಿಗೆ ಸಾಫ್ಟ್‌ವೇರ್ ಸತ್ತು ಹೋಗಿರುತ್ತೆ, ಕಂಪನಿ ಹೆಸರು ಬದಲಾಯಿಸಿರುತ್ತೆ, ಅಧಿಕಾರಿ ನಿವೃತ್ತರಾಗಿರುತ್ತಾರೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಸಮಿತಿಗೆ ವಿರೋಧ ಪಕ್ಷದವರನ್ನೇ ಅಧ್ಯಕ್ಷರನ್ನಾಗಿ ಮಾಡುವ ಸಂಪ್ರದಾಯ ಇದೆ. ಇವತ್ತು ಆ ಕುರ್ಚಿಯಲ್ಲಿ ಇರುವವರು ನಾಳೆ ಸಚಿವರಾಗಬಹುದು, ಇವತ್ತಿನ ಸಚಿವರು ನಾಳೆ ಅಲ್ಲಿ ಕೂರಬಹುದು, ಹಾಗಾಗಿ ಇದನ್ನು ಪಕ್ಷದ ಜಗಳ ಮಾಡಿಕೊಳ್ಳದೆ ಎಲ್ಲರೂ ಒಪ್ಪಬಹುದು ಅಂತ ನನ್ನ ಆಸೆ.

ನಾನು ಕೇಳುತ್ತಿರುವುದು ಒಂದು ಬೋರ್ಡು. ತಗಡಿನದ್ದಲ್ಲ, ಒಂದು ವೆಬ್ ಪುಟ. ಸರ್ಕಾರದ ಪ್ರತಿ ಸಾಫ್ಟ್‌ವೇರಿಗೂ ಒಂದು ಪುಟ, ಕನ್ನಡದಲ್ಲಿ. ಅದನ್ನು ಬಳಸುವ ಪೋರ್ಟಲಿನ ಮೊದಲ ಪುಟದ ಕೆಳಗೇ ಅದರ ಕೊಂಡಿ. ಮಂಜೂರಾದ ಮೊತ್ತ ಎಷ್ಟು, ಇಲ್ಲಿಯವರೆಗೆ ಕೊಟ್ಟದ್ದು ಎಷ್ಟು. ಗುತ್ತಿಗೆ ಯಾರದ್ದು, ನಿಜವಾಗಿ ಕೋಡ್ ಬರೆದ ಉಪಗುತ್ತಿಗೆ ಕಂಪನಿ ಯಾವುದು. ಟೆಂಡರ್ ಕರೆದು ಕೊಟ್ಟಿದ್ದಾ, ಇಲ್ಲಾ ಸರ್ಕಾರಿ ಖರೀದಿಯ ಕೆಟಿಪಿಪಿ ಕಾಯ್ದೆಯಲ್ಲಿ ಟೆಂಡರ್ ಇಲ್ಲದೆ ಕೊಡಲು ಬಿಡುವ 4(ಜಿ) ವಿನಾಯಿತಿಯಲ್ಲಿ ಕೊಟ್ಟಿದ್ದಾ, ವಿನಾಯಿತಿ ಆದರೆ ಯಾಕೆ. 4(ಜಿ) ಅಂದ ತಕ್ಷಣ ಅನುಮಾನ ಪಡಬೇಕಾಗಿಲ್ಲ, ಕೆಲವು ಸಲ ಬೇಕೇ ಬೇಕಾಗುತ್ತೆ, ಕಾರಣವನ್ನು ಎರಡು ಸಾಲಿನಲ್ಲಿ ಬರೆಯಿರಿ, ಅಷ್ಟೇ. ಬಳಸುವವರು ಎಷ್ಟು ದಿನ ಪರೀಕ್ಷೆ ಮಾಡಿದರು. ಸೋರ್ಸ್ ಕೋಡ್ ಈಗ ಎಲ್ಲಿದೆ, ಯಾರ ಜವಾಬ್ದಾರಿಯಲ್ಲಿದೆ. ಕೊನೇ ಭದ್ರತಾ ಪರೀಕ್ಷೆ ಯಾವಾಗ ಆಯಿತು. ನಿರ್ವಹಣೆ ಕರಾರು ಯಾವತ್ತು ಮುಗಿಯುತ್ತೆ, ಅದಾದ ಮೇಲಿನ ವರ್ಷಕ್ಕೆ ದುಡ್ಡು ಇಟ್ಟಿದ್ದೀರಾ. ಈ ವರ್ಷ ಎಷ್ಟು ಗಂಟೆ ‘ಸರ್ವರ್ ಇಲ್ಲ’ ಆಗಿತ್ತು. ಇವೆಲ್ಲಾ ಈಗಾಗಲೇ ಎಲ್ಲೋ ಒಂದು ಕಡತದಲ್ಲಿ ಇರಲೇಬೇಕಾದ ಮಾಹಿತಿ, ಹೊಸದಾಗಿ ಹುಟ್ಟಿಸಬೇಕಾದ್ದು ಏನೂ ಇಲ್ಲ. ಇಲ್ಲ ಅಂದರೆ ಅದೇ ದೊಡ್ಡ ಸುದ್ದಿ.

ಹಣಕಾಸು ಇಲಾಖೆಯವರಿಗೆ ಪ್ರತ್ಯೇಕವಾಗಿ ಒಂದು ಮಾತು. ಐದು ವರ್ಷ ಸಾಕುವ ಖರ್ಚು ಬರೆಯದ ಅಂದಾಜು ಪಟ್ಟಿಗೆ ದಯವಿಟ್ಟು ಸಹಿ ಹಾಕಬೇಡಿ. ರಸ್ತೆಗೆ ಮಾಡುತ್ತೀರಲ್ಲ, ಇದಕ್ಕೂ ಮಾಡಿ. ಇನ್ನೊಂದು ಪ್ರಶ್ನೆಯನ್ನೂ ಕೇಳಿ: ‘ಇದೇ ಕೆಲಸ ಮಾಡುವ ಸಾಫ್ಟ್‌ವೇರ್ ಬೇರೆ ಇಲಾಖೆಯಲ್ಲಿ ಇದೆಯಾ?’ ಲಾಗಿನ್, ಹಣ ಕಟ್ಟೋದು, ಎಸ್‌ಎಂಎಸ್ ಕಳಿಸೋದು, ಅರ್ಜಿ ಒಬ್ಬರಿಂದ ಇನ್ನೊಬ್ಬರಿಗೆ ಹೋಗೋದು, ನಾನು ಈ ನಾಲ್ಕನ್ನೇ ಮೂರು ಇಲಾಖೆಗಳಿಗೆ ಮೂರು ಸಲ ಮೊದಲಿನಿಂದ ಬರೆದಿದ್ದೇನೆ. ಮೂರು ಸಲವೂ ಪೂರ್ತಿ ದುಡ್ಡು. ನಮ್ಮ ಬೆಂಗಳೂರಿನಲ್ಲೇ 2003ರಲ್ಲಿ ಶುರುವಾದ ಇ-ಗವರ್ನಮೆಂಟ್ಸ್ ಫೌಂಡೇಶನ್ ಮಾಡಿದ ‘ಡಿಜಿಟ್’ ಅನ್ನೋ ವೇದಿಕೆಯ ಕೋಡ್ ಮುಕ್ತವಾಗಿದೆ, ಪಂಜಾಬಿನ ನಗರಸಭೆಗಳು ಅದರ ಮೇಲೆ ನಡೆಯುತ್ತಿವೆ. ಕೇಂದ್ರ ಸರ್ಕಾರ 2015ರಲ್ಲೇ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಿ ಅಂತ ನೀತಿ ಮಾಡಿದೆ. ಅದನ್ನೇ ತಗೊಳ್ಳಿ ಅಂತ ನಾನು ಹೇಳುತ್ತಿಲ್ಲ. ಮೊದಲು ಹುಡುಕಿ, ಆಮೇಲೆ ಟೆಂಡರ್ ಕರೆಯಿರಿ ಅಂತಷ್ಟೇ.

ಬೋರ್ಡ್ ಬೇಡ ಅನ್ನುವವರು ಏನು ಹೇಳುತ್ತಾರೆ ಅಂತ ನನಗೆ ಗೊತ್ತು, ಆ ಮೀಟಿಂಗುಗಳಲ್ಲಿ ನಾನೂ ಹಿಂದಿನ ಸಾಲಿನಲ್ಲಿ ಕೂತಿದ್ದೇನೆ. ಒಬ್ಬರು ‘ಹ್ಯಾಕರ್‌ಗಳಿಗೆ ಅನುಕೂಲ ಆಗುತ್ತೆ’ ಅನ್ನುತ್ತಾರೆ. ಗುತ್ತಿಗೆ ಮೊತ್ತ ಗೊತ್ತಾದರೆ ಯಾವ ಹ್ಯಾಕರಿಗೆ ಏನು ಸಿಗುತ್ತೆ? ಸರ್ವರಿನ ವಿಳಾಸ, ಪಾಸ್‌ವರ್ಡ್ ಹಾಕಿ ಅಂತ ಯಾರೂ ಕೇಳಿಲ್ಲ. ಇನ್ನೊಬ್ಬರು ‘ಕಂಪನಿಯ ವಾಣಿಜ್ಯ ರಹಸ್ಯ’ ಅನ್ನುತ್ತಾರೆ, ಮಾಹಿತಿ ಹಕ್ಕು ಅರ್ಜಿಗೂ ಇದೇ ಉತ್ತರ ಬರುತ್ತೆ. ಅದೇ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಇಂಥ ಲೆಕ್ಕಗಳನ್ನು ಯಾರೂ ಕೇಳದೆಯೇ ಇಲಾಖೆಗಳು ತಾವಾಗಿ ಪ್ರಕಟಿಸಬೇಕು ಅನ್ನುತ್ತೆ. ಜನರ ದುಡ್ಡಿನಲ್ಲಿ ಮಾಡಿಸಿದ ಮೋರಿಗೆ ರಹಸ್ಯ ಇಲ್ಲ, ಚಿಕ್ಕಪ್ಪನ ಹೆಸರು ಬೀದಿಯಲ್ಲಿ ನಿಂತಿದೆ.

ಇಷ್ಟೆಲ್ಲಾ ಆಗೋಕೆ ಸಮಯ ಬೇಕು ಅಂತ ನೀವು ಹೇಳಬಹುದು. ಸರಿ. ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಸಮಿತಿಯವರು ಒಂದು ದಿನ, ಮುಂಚೆ ತಿಳಿಸದೆ, ಯಾವುದಾದರೂ ಒಂದು ಇಲಾಖೆಯ ಕಚೇರಿಗೆ ಹೋಗಿ. ಟೀ ಬೇಡ ಅನ್ನಿ. ‘ನಿಮ್ಮ ಸಾಫ್ಟ್‌ವೇರಿನ ಸೋರ್ಸ್ ಕೋಡ್ ತೋರಿಸಿ’ ಅನ್ನಿ. ಆಮೇಲೆ ಬೀರುವಿನ ಬೀಗದ ಕೈ ಸಿಗೋಕೆ ಎಷ್ಟು ಹೊತ್ತಾಗುತ್ತೆ ಅಂತ ಗಡಿಯಾರ ನೋಡಿಕೊಳ್ಳಿ. ಒಂದು ಡಿವಿಡಿ ಡ್ರೈವ್ ಜೊತೆಗೆ ತಗೊಂಡು ಹೋದರೆ ಒಳ್ಳೇದು.

ಇಂತಿ,
ತಿಪಟೂರು ಕಡೆಯ ಒಬ್ಬ ಸಾಫ್ಟ್‌ವೇರ್ ಕೆಲಸಗಾರ